ಒಲೆ ಅವರದು, ಉರಿ ನಮ್ಮದು

ಸೈನ್ಯದ ಸರಬರಾಜು ಡಿಪೋಗೆ ನೂರು ವರ್ಷ ತುಂಬುತ್ತಿತ್ತು. ಒಂದು ಚರಿತ್ರೆ ಪುಸ್ತಕ ಬರಬೇಕು ಎಂದು ಮೇಲಿನಿಂದ ಆಜ್ಞೆಯಾಯಿತು. ಬರೆಯುವವರು ಯಾರು ಎಂದು ಹುಡುಕಿದಾಗ, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಕೆಲಸ ಹಿರಿಯ ಗುಮಾಸ್ತೆಯ ತಲೆಗೆ ಬಿತ್ತು. ಅಂದಿನಿಂದ ಅವಳು ‘ಚರಿತ್ರೆ ಮೇಡಂ’ ಆದಳು. ಕ್ಯಾಂಟೀನಿನಲ್ಲಿ ಯಾರಾದರೂ “ಚರಿತ್ರೆ ಹೇಗಿದೆ ಮೇಡಂ” ಎಂದು ಕೆಣಕಿದರೆ, “ನಂದು ಚೆನ್ನಾಗೇ ಇದೆ, ಡಿಪೋದ್ದೇ ಸ್ವಲ್ಪ ಅನುಮಾನ” ಎನ್ನುತ್ತಿದ್ದಳು.

ಅನುಮಾನ ಎಂದದ್ದು ತಮಾಷೆಗೆ. ಆ ಬೆಳಿಗ್ಗೆ ಒಂಬತ್ತೂವರೆಯ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ.

ಅಲ್ಲಿಯವರೆಗೆ ಕೆಲಸ ಅವಳಿಗೆ ರುಚಿ ಹತ್ತಿತ್ತು. ಎತ್ತಿನ ಬಂಡಿಯ ಕಾಲ ಮುಗಿಸಿ, ರೈಲಿನ ಕಾಲ ದಾಟಿ, ಲಾರಿಯ ಕಾಲಕ್ಕೆ ಬಂದಿದ್ದಳು. ಕಳ್ಳರು ಕದಿಯದಿರಲಿ ಎಂದು ಎಡಗಾಲಿನ ಬೂಟುಗಳನ್ನು ಒಂದು ರೈಲಿನಲ್ಲೂ ಬಲಗಾಲಿನವನ್ನು ಇನ್ನೊಂದರಲ್ಲೂ ಕಳಿಸುತ್ತಿದ್ದ ಕಾಲವಿತ್ತು. ಒಮ್ಮೆ ಬಲಗಾಲಿನ ರೈಲು ಶತ್ರುವಿನ ಕೈಗೆ ಸಿಕ್ಕಿ, ಆ ಚಳಿಗಾಲವಿಡೀ ಎರಡೂ ಕಡೆಯ ಸೈನ್ಯಗಳು ಕುಂಟಿದವು. ಬೇಳೆಗೆ ಬದಲು ಉಪ್ಪು, ಉಪ್ಪಿಗೆ ಬದಲು ಸಾಬೂನು ಹೋಗಿ ಒಂದು ಪಡೆ ಮೂರು ದಿನ ತೊಳೆದ ಹೊಟ್ಟೆಯಲ್ಲಿ ಯುದ್ಧ ಮಾಡಿತ್ತು. ಸರಬರಾಜು ಎಂಬ ಪದದ ಹೊಟ್ಟೆಯೊಳಗೇ ಬರ ಕೂತಿದೆಯಲ್ಲ ಎಂದು ಅವಳು ಕರಡಿನ ಅಂಚಿನಲ್ಲಿ ಬರೆದು, ಮೇಜರ್ ಸಾಹೇಬರು ಓದಿದರೆ ಕಷ್ಟ ಎಂದು ಹೊಡೆದುಹಾಕಿದ್ದಳು.

ಎರಡು ದಿನದ ಹಿಂದೆ ಬರೆದ ಪುಟವೊಂದರ ಬಗ್ಗೆ ಮಾತ್ರ ಅವಳಿಗೆ ಒಳಗೊಳಗೇ ಹೆಮ್ಮೆ. ಅರವತ್ತು ವರ್ಷದ ಹಿಂದೆ, ಕಣಿವೆಯಾಚೆಯ ಮೇಲಿನ ಠಾಣೆ ಚಳಿಗಾಲಕ್ಕೆ ಸೀಮೆಎಣ್ಣೆ ಕೇಳಿತ್ತು. ಡಿಪೋದಲ್ಲಿ ಸೀಮೆಎಣ್ಣೆ ಇರಲಿಲ್ಲ. ಆದರೂ ಹಿಮಕ್ಕೆ ಹಾದಿ ಮುಚ್ಚುವ ಮೊದಲೇ ಅಷ್ಟೇ ಉರಿ ಕೊಡುವಷ್ಟು ಕಲ್ಲಿದ್ದಲು ಕಳಿಸಿ, ದಾಖಲೆಯಲ್ಲಿ ‘ಬೇಡಿಕೆ ನೂರಕ್ಕೆ ನೂರು ಪೂರೈಕೆ’ ಎಂದು ಬರೆದಿದ್ದರು. ಇವಳು ಅದಕ್ಕೆ ‘ಸಮಯಪ್ರಜ್ಞೆಯ ಸುವರ್ಣ ಪುಟ’ ಎಂಬ ತಲೆಬರಹ ಕೊಟ್ಟಿದ್ದಳು.

ಒಂಬತ್ತೂವರೆಗೆ ಬಿಚ್ಚಿದ ಕಟ್ಟಿನಲ್ಲಿ, ಯಾರೋ ತಪ್ಪಾಗಿ ಸೇರಿಸಿ ಕಟ್ಟಿದ್ದ ಒಂದು ಆಸ್ಪತ್ರೆ ಕಾಗದ ಸಿಕ್ಕಿತು. ಅದೇ ವರ್ಷ, ಅದೇ ಠಾಣೆ. ಹಾದಿ ತೆರೆದ ಮೇಲೆ ವೈದ್ಯರು ಬರೆದದ್ದು. ಠಾಣೆಯ ಒಲೆಗಳೆಲ್ಲ ಸೀಮೆಎಣ್ಣೆಯವು. ಕಲ್ಲಿದ್ದಲಿನ ಒಲೆಯಾಗಲಿ, ಹೊಗೆ ಹೊರಹೋಗುವ ಕೊಳವೆಯಾಗಲಿ ಇರಲಿಲ್ಲ. ಇದ್ದ ಎಣ್ಣೆ ಮುಗಿದ ದಿನ ಒಂದು ಕೋಣೆಯವರು ಖಾಲಿ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು, ಅದರಲ್ಲಿ ಕಲ್ಲಿದ್ದಲು ಹೊತ್ತಿಸಿ, ಚಳಿಗೆ ಬಾಗಿಲು ಕಿಟಕಿ ಬಿಗಿದು ಮಲಗಿದರು. ಬೆಳಿಗ್ಗೆ ಆ ನಾಲ್ವರು ಏಳಲಿಲ್ಲ. ಮೈಮೇಲೆ ಗಾಯವಿಲ್ಲ, ಮುಖದಲ್ಲಿ ನೋವಿಲ್ಲ. ಆಮೇಲೆ ಕಲ್ಲಿದ್ದಲನ್ನು ಯಾರೂ ಮುಟ್ಟಲಿಲ್ಲ. ಒಂಬತ್ತು ಜನರ ಕಾಲ್ಬೆರಳು ಹಿಮಕ್ಕೆ ಹೋದವು.

ಅವಳು ತನ್ನ ಸುವರ್ಣ ಪುಟ ತೆಗೆದು ಅಡ್ಡಗೆರೆ ಎಳೆದಳು. ನಿಬ್ಬು ಕಾಗದ ಹರಿದು ಮೇಜಿಗೆ ತಾಗಿತು.

ಹೊರಗೆ ಅಂಗಳದಲ್ಲಿ ಧಡ್, ಧಡ್ ಎಂದು ಏನೋ ಬೀಳುತ್ತಿತ್ತು. ಬೆಳಗಿನಿಂದ ಕೇಳುತ್ತಿದ್ದ ಸದ್ದೇ. ಈಗ ಮಾತ್ರ ಎದ್ದು ಕಿಟಕಿಗೆ ಹೋದಳು. ಹಮಾಲರು ಲಾರಿಗೆ ಚೀಲ ಎಸೆಯುತ್ತಿದ್ದರು. ಚೀಲ ಬಿದ್ದಲ್ಲೆಲ್ಲ ಕಪ್ಪು ಧೂಳು ಏಳುತ್ತಿತ್ತು. ಲಾರಿಯ ಮುಂದಿನ ಹಲಗೆಯಲ್ಲಿ ಸುಣ್ಣದಲ್ಲಿ ಬರೆದಿತ್ತು: ಮೇಲಿನ ಠಾಣೆ.

ಮೇಲಿನ ಠಾಣೆಯಲ್ಲಿ ಈಗ ನಲವತ್ತಮೂರು ಜನ ಇದ್ದರು. ಅದರಲ್ಲಿ ಒಬ್ಬ ಅಡುಗೆಯವನು. ಅಡುಗೆಯವನು ಅವಳ ತಮ್ಮ.

*

ಅಂಗಳದಲ್ಲಿ ಪಟ್ಟಿ ಹಿಡಿದು ನಿಂತವರು ಉಗ್ರಾಣದ ಮುಖ್ಯಸ್ಥರು. ಸೈನ್ಯದಲ್ಲಿ ಒಂದು ವಸ್ತು ಇಲ್ಲದಿದ್ದರೆ ಅದಕ್ಕೆ ಬದಲು ಯಾವುದನ್ನು ಎಷ್ಟು ಕೊಡಬೇಕು ಎಂದು ಹೇಳುವ ಒಂದು ದಪ್ಪ ಪುಸ್ತಕವಿದೆ. ಒಂದು ಹೇಸರಗತ್ತೆಗೆ ಬದಲು ಮೂವರು ಕೂಲಿಗಳು, ಒಬ್ಬ ಕಹಳೆಯವನಿಗೆ ಬದಲು ಒಂದು ಗಂಟೆ ಎಂಬ ಕಾಲದಿಂದ ಅದು ಬೆಳೆಯುತ್ತ ಬಂದದ್ದು. ಅದು ಅವರಿಗೆ ಬಾಯಿಪಾಠ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಬದಲಿ ಸಾಹೇಬರು. ಮೂವತ್ತು ವರ್ಷದಲ್ಲಿ ಡಿಪೋದಲ್ಲಿ ಬದಲಾಗದೆ ಉಳಿದವರು ಅವರೊಬ್ಬರೇ.

“ಸರ್, ಇದೇನು ಕಲ್ಲಿದ್ದಲು?”

“ಸೀಮೆಎಣ್ಣೆ ಟ್ಯಾಂಕರ್ ಬರ್ಲಿಲ್ಲ ಮೇಡಂ. ಸೀಮೆಎಣ್ಣೆಗೆ ಬದಲು ಸೌದೆ. ಸೌದೆ ಇಲ್ಲ. ಸೌದೆಗೆ ಬದಲು ಕಲ್ಲಿದ್ದಲು. ಎರಡೂ ಪುಸ್ತಕದಲ್ಲಿದೆ.” ಅವರು ನೆಮ್ಮದಿಯಿಂದ ಹೇಳಿದರು. “ಬೇಡಿಕೆ ನೂರಕ್ಕೆ ನೂರು ಪೂರೈಕೆ.”

“ಅಲ್ಲಿರೋ ಒಲೆ ಯಾವುದು ಅಂತ ನೋಡಿದ್ರಾ?”

“ಒಲೆ ನಮ್ಮದಲ್ಲವಲ್ಲ.” ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಒಲೆ ಸಲಕರಣೆ ಡಿಪೋದವರದು. ಉರಿ ನಮ್ಮದು.”

“ಹೊಗೆ?”

“ಹೊಗೆ ಯಾರ ಪಟ್ಟಿಯಲ್ಲೂ ಇಲ್ಲ.”

ಅವಳು ಆಸ್ಪತ್ರೆ ಕಾಗದ ಮುಂದೆ ಹಿಡಿದಳು. ಬದಲಿ ಸಾಹೇಬರು ಬಿಸಿ ಪಾತ್ರೆ ಕಂಡವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. “ಅದು ಆಸ್ಪತ್ರೆ ಇಲಾಖೆ ಕಾಗದ. ನಾನು ಓದೋ ಹಾಗಿಲ್ಲ.” ಆದರೆ ಅವರ ಕಣ್ಣು ಓರೆಯಲ್ಲಿ ಎರಡು ಸಾಲು ಓದಿಬಿಟ್ಟಿದ್ದು ಅವಳಿಗೆ ಕಂಡಿತು. ಮೂರನೇ ಸಾಲಿಗೆ ಬಂದದ್ದೇ ಅವರು ಮುಖ ತಿರುಗಿಸಿ ಹಮಾಲರ ಮೇಲೆ ಸುಮ್ಮನೆ ರೇಗಿದರು.

“ಮೇಜರ್ ಸಾಹೇಬರು ಎಲ್ಲಿ?”

“ಐದು ಲಾರಿ ಜೊತೆ ಒಂಬತ್ತಕ್ಕೇ ಹೊರಟ್ರು. ಕಣಿವೆ ಗೇಟಿನ ಹತ್ತಿರ ಕೊನೇ ಲಾರಿ ಹೋಗೋದನ್ನ ಫೋಟೋ ಹಿಡಿಸಬೇಕಂತೆ. ನಿಮ್ಮ ಪುಸ್ತಕಕ್ಕೇ ಮೇಡಂ, ಮುಖಪುಟಕ್ಕೆ.” ಅವರು ಗಲ್ಲದಿಂದಲೇ ಲಾರಿ ತೋರಿಸಿದರು. “ಆ ಕೊನೇ ಲಾರಿ ಇದೇ. ಮೂರೂವರೆ ಗಂಟೆ ದಾರಿ. ನಾಲ್ಕಕ್ಕೆ ಗೇಟು ಮುಚ್ಚಿದ್ರೆ ತೆಗೆಯೋದು ಐದು ತಿಂಗಳಿಗೆ. ನನ್ನ ತಲೆಬಿಸಿ ನನಗೆ ಸಾಕಾಗಿದೆ, ಹನ್ನೆರಡು ಚೀಲ ಕಡಿಮೆ ಬಿದ್ದಿದೆ, ಇಲಿ ಕಡಿದಿದೆ. ಚೀಲಕ್ಕೆ ಬದಲು ಮುಚ್ಚಳ ಇರೋ ಕಬ್ಬಿಣದ ಪಾತ್ರೆ ಅಂತಿದೆ. ಅಡುಗೆಮನೆಯವರು ಪಾತ್ರೆ ಕೊಡ್ತಾ ಇಲ್ಲ.”

ಅವಳು ಆ ಮಾತನ್ನು ಅರ್ಧ ಕೇಳಿ ಟೆಲಿಫೋನ್ ಕೋಣೆಗೆ ಓಡಿದಳು.

*

ಮೇಲಿನ ಠಾಣೆಯ ಲೈನು ಸಿಗುವುದು ದೇವರು ಮೆಚ್ಚಿದಾಗ. ಆಪರೇಟರು ಹನ್ನೊಂದು ಸಲ ತಿರುಗಿಸಿದ ಮೇಲೆ, ಗಾಳಿಯ ಗೊರಗೊರದ ನಡುವೆ ತಮ್ಮನ ದನಿ ಬಂತು.

“ಏನಕ್ಕಾ, ಹೆಣ್ಣು ನೋಡಿದ್ಯಾ?”

“ಬಾಯ್ಮುಚ್ಚು. ಅಲ್ಲಿ ಒಲೆ ಎಷ್ಟಿದೆ? ಯಾವ ಒಲೆ?”

“ಏಳು ಕೋಣೆ, ಏಳು ಒಲೆ. ಎಲ್ಲ ಸೀಮೆಎಣ್ಣೇದು. ಅಡುಗೆಮನೇಲೂ ಅದೇ. ಯಾಕೆ, ಅಡುಗೆ ಕಲೀಬೇಕು ಅಂತ ಈಗ ಆಸೆ ಬಂತಾ?”

“ಎಣ್ಣೆ ಎಷ್ಟು ದಿನಕ್ಕಿದೆ?”

“ಒಂಬತ್ತು ದಿನ. ಹತ್ತಕ್ಕೆ ಎಳೀಬಹುದು, ನಾನು ಸಾರು ಕುದಿಸದೆ ಬಡಿಸಿದ್ರೆ. ಅದಕ್ಕೇ ನಿಮ್ಮ ಲಾರಿಗೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಾ ಇದೀವಿ. ಇರೋ ಎಣ್ಣೆ ಕಣ್ಣಿಗೇ ಖರ್ಚಾಗ್ತಾ ಇದೆ.”

“ಎಣ್ಣೆ ಬರ್ತಾ ಇಲ್ಲ ಕಣೋ. ಕಲ್ಲಿದ್ದಲು ಬರ್ತಾ ಇದೆ.”

ಆ ಕಡೆಯಿಂದ ನಗು. “ಸರಿ ಬಿಡು. ಕಾಡಿಗೆ ಮಾಡ್ಕೊಂಡು ಎಲ್ಲರೂ ಕಣ್ಣಿಗೆ ಹಚ್ಕೋತೀವಿ. ಇಲ್ಲಿ ಖಾಲಿ ಡ್ರಮ್ಮು ಬೇಕಾದಷ್ಟು ಬಿದ್ದಿದೆ. ಅರ್ಧಕ್ಕೆ ಕೊಯ್ದು…”

“ಕೊಯ್ಯಬೇಡ.” ಅವಳು ಎಷ್ಟು ಜೋರಾಗಿ ಹೇಳಿದಳೆಂದರೆ ಆಪರೇಟರು ತಲೆಯೆತ್ತಿ ನೋಡಿದ. “ಕೇಳಿಸ್ಕೋ. ಮುಚ್ಚಿದ ಕೋಣೇಲಿ ಕಲ್ಲಿದ್ದಲು ಹೊತ್ತಿಸಿದ್ರೆ ವಾಸನೇನೂ ಇಲ್ಲದ ವಿಷ ಬರುತ್ತೆ. ಮಲಗಿದವರು ಏಳಲ್ಲ. ಅಲ್ಲಿ ಗೋಡೇಲಿ ಹೊಗೆ ತೂತು ಇದ್ಯಾ?”

“ಏನಂದೆ? ಡ್ರಮ್ಮು ಕೊಯ್ಯೋಕೆ ಏನು? ಅದೇನ್ ಮಹಾ, ನಮ್ಮ ಹತ್ರ ಗರಗಸ…”

ಲೈನು ಹೋಯಿತು. ಆಪರೇಟರು ಮತ್ತೆ ಹತ್ತು ಸಲ ತಿರುಗಿಸಿ, ಕಿವಿಯಿಂದ ತೆಗೆದು, ತಲೆಯಾಡಿಸಿದ. “ಮೇಲೆ ಗಾಳಿ ಎದ್ದಿದೆ ಮೇಡಂ. ಕಂಬ ಬಿದ್ದಿರಬೇಕು. ಇನ್ನು ವೈರ್‌ಲೆಸ್ಸೇ. ಅದರಲ್ಲಿ ಬೆಳಿಗ್ಗೆ ಒಂದು ಸಂದೇಶ ಬರುತ್ತೆ, ಇವತ್ತಿಂದು ಬಂದಾಯ್ತು. ನಾವು ಕಳಿಸಬೇಕಂದ್ರೆ ಮೇಜರ್ ಸಾಹೇಬರ ಸಹಿ ಬೇಕು.”

ಮೇಜರ್ ಸಾಹೇಬರು ಮುಖಪುಟಕ್ಕೆ ಮುಖ ಕೊಡಲು ಹೋಗಿದ್ದರು. ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಎಣ್ಣೆ ಎಲ್ಲೂ ಇಲ್ಲ. ಲಾರಿ ತಡೆದರೆ ಅವರಿಗೆ ಏನೂ ಹೋಗುವುದಿಲ್ಲ. ಹೋದರೆ ಗರಗಸ ಕಾದಿದೆ. ಕಲ್ಲಿದ್ದಲೇ ಹೋಗಬೇಕು, ಜೊತೆಗೆ ಒಲೆ ಹೋಗಬೇಕು. ಒಲೆಗೆ ಠಾಣೆಯವರೇ ಬೇಡಿಕೆ ಬರೆದು, ಮೂರು ಪ್ರತಿ ಮಾಡಿ, ಎರಡು ಡಿಪೋದವರು ಒಪ್ಪಿ, ಇಪ್ಪತ್ತೊಂದು ದಿನ.

ಆಗ, ಅರ್ಧ ಕೇಳಿ ಬಂದಿದ್ದ ಮಾತಿನ ಉಳಿದರ್ಧ ಅವಳ ಕಿವಿಗೆ ಬಂತು. ಮುಚ್ಚಳ ಇರುವ ಕಬ್ಬಿಣದ ಪಾತ್ರೆ.

*

ರಸ್ತೆಯಾಚೆಯ ಸಲಕರಣೆ ಡಿಪೋದಲ್ಲಿ ಕೂರುವ ಮುದುಕ ಸೊಂಟದಲ್ಲಿ ಅರವತ್ತು ಬೀಗದಕೈ ಕಟ್ಟಿಕೊಂಡವನು. ಬೀಗಪ್ಪ ಎಂದರೆ ಬೀಗುತ್ತಿದ್ದ.

“ಕಲ್ಲಿದ್ದಲಿನ ಹಳೇ ಒಲೆಗಳು ಇದ್ವಲ್ಲ ತಾತ, ಹಿಂದಿನ ಶೆಡ್ಡಲ್ಲಿ?”

“ಒಂಬತ್ತಿದೆ. ಎರಡಕ್ಕೆ ಬುಡ ಇಲ್ಲ. ಹತ್ತು ವರ್ಷದ ಹಿಂದೇನೇ ರದ್ದಾದವು. ಒಲೆ ಬೇಕು ಅಂದ್ರೆ ಬೇಡಿಕೆ ಪತ್ರ ಮೂರು ಪ್ರತಿ.”

“ಒಲೆ ಯಾರಿಗ್ ಬೇಕು. ಪ್ಯಾಕಿಂಗಿಗೆ ರದ್ದಿ ಕಬ್ಬಿಣ ಬೇಕು.”

ಬೀಗಪ್ಪ ಕನ್ನಡಕ ಮೂಗಿನ ತುದಿಗೆ ಜಾರಿಸಿ ಅವಳನ್ನು ನೋಡಿದ. “ರದ್ದಿ ಆದ್ರೆ ಒಂದು ಚೀಟಿ ಸಾಕು.”

“ಅದರ ಕೊಳವೆಗಳೂ ಬೇಕು.”

“ಕೊಳವೇಲಿ ಏನ್ ಪ್ಯಾಕ್ ಮಾಡ್ತೀಯಮ್ಮ?”

“ಪ್ಯಾಕ್ ಮಾಡೋಕಲ್ಲ, ಕಟ್ಟೋಕೆ.”

“ಅಷ್ಟುದ್ದದಲ್ಲಿ ಏನ್ ಕಟ್ತೀಯ?”

“ಬಾಯಿ.”

ಮುದುಕ ಎದ್ದು, ಅರವತ್ತರಲ್ಲಿ ಸರಿಯಾದ ಬೀಗದಕೈಯನ್ನು ನೋಡದೆಯೇ ಹಿಡಿದ. ಹೊರಡುವಾಗ ಒಂದು ಡಬ್ಬಿ ಬಿಳಿ ಬಣ್ಣ, ಒಂದು ಕುಂಚ ತಾನಾಗೇ ಕೊಟ್ಟ. “ನನ್ನ ದೊಡ್ಡಪ್ಪ ಆ ಠಾಣೇಲಿದ್ದ. ಎಡಗಾಲಲ್ಲಿ ಎರಡೇ ಬೆರಳು” ಎಂದಷ್ಟೇ ಹೇಳಿದ.

ತಳ್ಳುಗಾಡಿಯಲ್ಲಿ ಏಳು ಒಲೆ ಅಂಗಳಕ್ಕೆ ಬಂದಾಗ ಹನ್ನೊಂದೂ ನಲವತ್ತು. ಅವಳು ಪ್ರತಿ ಮುಚ್ಚಳದ ಮೇಲೂ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ‘ಕೊಳವೆ ಗೋಡೆ ದಾಟಿದ ಮೇಲೇ ಕಡ್ಡಿ ಗೀರಬೇಕು. ಇಲ್ಲದಿದ್ದರೆ ಸಾವು.’ ಕೆಳಗೆ ಸಹಿಯ ಜಾಗದಲ್ಲಿ ‘ಅಕ್ಕ’.

ಬದಲಿ ಸಾಹೇಬರು ಒಂದು ಸುತ್ತು ಹಾಕಿ ನೋಡಿದರು. ಬೆರಳಿಂದ ತಟ್ಟಿ ನೋಡಿದರು.

“ಮೇಡಂ, ಇದು ಒಲೆ.”

“ಕಬ್ಬಿಣ ಹೌದೋ ಅಲ್ವೋ?”

“ಹೌದು.”

“ಮುಚ್ಚಳ?”

“ಇದೆ. ಹಿಂದೆ ತೂತೂ ಇದೆಯಲ್ಲ.”

“ತೂತಿರಬಾರದು ಅಂತ ಪುಸ್ತಕದಲ್ಲಿದ್ಯಾ?”

ಬದಲಿ ಸಾಹೇಬರು ಕಣ್ಣು ಮುಚ್ಚಿದರು. ಒಳಗೆ ಪುಟಗಳು ತಿರುಗುತ್ತಿರುವುದು ಕಾಣುತ್ತಿತ್ತು. ಹಮಾಲರು ಸೊಂಟದ ಮೇಲೆ ಕೈಯಿಟ್ಟು ಕಾದರು. ಲಾರಿ ಚಾಲಕ ಇಂಜಿನ್ ಚಾಲು ಮಾಡಿದ. ಅವಳು ಗಡಿಯಾರ ನೋಡುವ ಧೈರ್ಯ ಮಾಡಲಿಲ್ಲ.

“ದ್ರವ ಆದ್ರೆ ಸೋರಬಾರದು ಅಂತಿದೆ,” ಕಣ್ಣು ಮುಚ್ಚಿಕೊಂಡೇ ಅವರು ಹೇಳಿದರು. “ಕಲ್ಲಿದ್ದಲು ದ್ರವ ಅಲ್ಲ.” ಆಮೇಲೆ ಕೇಳಿದರು. “ಮುಚ್ಚಳದ ಮೇಲೆ ಏನೋ ಬರೆದಿದೆಯಲ್ಲ?”

“ಓದಬೇಡಿ ಸರ್. ನಿಮ್ಮ ಇಲಾಖೇದಲ್ಲ.”

ಅವರು ಕಣ್ಣು ತೆರೆದರು. ಓದಿದರು. ಪೂರಾ ಓದಿದರು, ಕೊನೆಯ ಪದದವರೆಗೆ. ಆಮೇಲೆ ಪಟ್ಟಿಯಲ್ಲಿ ‘ಪಾತ್ರೆ, ಕಬ್ಬಿಣ, ಮುಚ್ಚಳ ಸಹಿತ: ಏಳು. ಬಿಡಿಭಾಗ ಸಹಿತ’ ಎಂದು ಬರೆದು, ಉಳಿದ ಐದಕ್ಕೆ ಬಿಸ್ಕತ್ತಿನ ತಗಡಿನ ಡಬ್ಬ ಹಾಕಿಸಿ, ಸಹಿ ಮಾಡಿದರು. ಸಹಿ ಮಾಡುವಾಗ ಸಾಮಾನ್ಯವಾಗಿ ಸಿಹಿ ತಿಂದವರಂತೆ ಇರುತ್ತಿದ್ದವರು ಇವತ್ತು ತುಟಿ ಬಿಗಿ ಹಿಡಿದಿದ್ದರು.

“ಏಳು ಅಂತ ಬರೆದಿದೀನಿ. ಏಳೇ ತಲುಪಬೇಕು” ಎಂದರು.

ಅವಳು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಲಕನ ಪಕ್ಕಕ್ಕೆ ಹತ್ತಿದಳು. ಲಾರಿ ಗೇಟು ದಾಟಿದಾಗ ಹನ್ನೆರಡೂ ಹತ್ತು.

*

ಚಾಲಕನ ಅಡ್ಡಹೆಸರು ನಿಧಾನ. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಪಘಾತವಿಲ್ಲ, ಒಂದು ಸಲವೂ ಹೊತ್ತಿಗೆ ಸರಿಯಾಗಿ ತಲುಪಿದ್ದಿಲ್ಲ.

“ಅಣ್ಣಾ, ಸ್ವಲ್ಪ ಬೇಗ.”

“ಬೇಗ ಹೋಗೋನಾಗಿದ್ರೆ ನಾನು ಯಾವಾಗ್ಲೋ ಹೋಗ್ಬಿಟ್ಟಿರ್ತಿದ್ದೆ ತಾಯಿ, ಮೇಲಕ್ಕೆ.”

ಆದರೂ ಅವನು ಅವತ್ತು ನಿಧಾನ ಎಂಬ ಹೆಸರಿಗೆ ಮಸಿ ಬಳಿದ. ಬಯಲು ರಸ್ತೆ ಮುಗಿಯುವಷ್ಟರಲ್ಲಿ ಹತ್ತು ನಿಮಿಷ ಉಳಿಸಿದ. ಏರು ಶುರುವಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಗಾಜಿನ ಮೇಲೆ ಮೊದಲ ಹಿಮ ಹಿಟ್ಟಿನ ಹಾಗೆ ಬಂದು ಅಂಟತೊಡಗಿತು. ಅವಳು ಪ್ರತಿ ತಿರುವಿನಲ್ಲೂ ಹಿಂದಿನ ಕಿಂಡಿಯಿಂದ ಸರಕು ನೋಡುತ್ತಿದ್ದಳು.

ಹದಿನೇಳನೇ ತಿರುವಿನಲ್ಲಿ ಹಗ್ಗ ಜಾರಿತು. ಅವಳು ನೋಡುತ್ತಿದ್ದಂತೆಯೇ ಕೊಳವೆಯೊಂದು ಹಲಗೆಯ ಮೇಲಿಂದ ಎದ್ದು, ಒಂದು ಕ್ಷಣ ನಿಂತಂತೆ ನಿಂತು, ಕೆಳಕ್ಕೆ ಹೋಯಿತು. ಬಂಡೆಗೆ ಬಡಿದ ಸದ್ದು ಮೂರು ಸಲ ಕೇಳಿತು. ನಾಲ್ಕನೆಯದಕ್ಕೆ ಕಾದರು. ಕೇಳಿಸಲಿಲ್ಲ.

ನಿಧಾನ ಲಾರಿ ನಿಲ್ಲಿಸಿ, ಹತ್ತಿ, ಹಗ್ಗ ಮತ್ತೆ ಬಿಗಿದ. ಎರಡೂ ಐವತ್ತು. ಗೇಟಿಗೆ ಇನ್ನೂ ಐವತ್ತು ನಿಮಿಷದ ದಾರಿ.

“ಹೊರಡೋಣ. ಆರು ಕೊಳವೆ ಉಳಿದಿದೆ” ಎಂದ.

“ಒಲೆ ಏಳಿದೆ.”

“ಇರ್ಲಿ ಬಿಡಿ.”

“ಇರಬಾರದು ಅಣ್ಣ. ಕೊಳವೆ ಇಲ್ಲದ ಒಲೆ ಡ್ರಮ್ಮಿಗಿಂತ ಕೆಟ್ಟದ್ದು. ಒಲೆ ಅಂತ ನಂಬ್ತಾರೆ. ಏಳು ಕೋಣೆಗೆ ಏಳು ಒಲೆ ಇದ್ರೆ ಯಾವನೋ ಒಬ್ಬ ಏಳನೇದನ್ನೂ ಹೊತ್ತಿಸ್ತಾನೆ. ಯಾವನು ಅಂತ ನನಗೆ ಗೊತ್ತು. ಇಳಿಸಿ.”

“ಪಟ್ಟೀಲಿ ಏಳಿದೆ ತಾಯಿ. ಗೇಟಲ್ಲಿ ಎಣಿಸ್ತಾರೆ.”

“ಇಳಿಸಿ.”

ಒಲೆ ಇಳಿಸುವುದಕ್ಕೆ ಇಬ್ಬರೂ ಸೇರಿ ಒಂಬತ್ತು ನಿಮಿಷ ತೆಗೆದುಕೊಂಡರು. ಅವಳ ಎಡಗೈಯ ಎರಡು ಉಗುರು ಕಿತ್ತುಬಂದವು, ಅದು ಗೊತ್ತಾದದ್ದು ಆಮೇಲೆ. ಒಲೆ ಬಂಡೆಗೆ ಒರಗಿ, ಬಿಳಿ ಅಕ್ಷರದ ಮುಚ್ಚಳ ಹೊತ್ತು, ರಸ್ತೆ ಬದಿಯಲ್ಲಿ ಕೂತಿತು.

*

ಗೇಟಿನ ಬಳಿ ಮೂರೂ ಐವತ್ತೆರಡು. ಐದು ಲಾರಿಗಳು ದಾಟಿ ಹೋಗಿ, ಆಚೆ ತಿರುವಿನಲ್ಲಿ ಕಾಯುತ್ತಿದ್ದವು. ರಸ್ತೆಗೆ ಅಡ್ಡ ಇಳಿಸುವ ಗೇಟುಕಂಬದ ಪಕ್ಕ ಮೇಜರ್ ಸಾಹೇಬರು ಪದಕ ಹಾಕಿಕೊಂಡು ನಿಂತಿದ್ದರು. ಫೋಟೋದವನು ಕ್ಯಾಮೆರಾ ಮೇಲೆ ಕೊಡೆ ಹಿಡಿದಿದ್ದ.

ಗೇಟಿನ ಹವಾಲ್ದಾರ ಪಟ್ಟಿ ತೆಗೆದುಕೊಂಡು ಹಿಂದಕ್ಕೆ ಹೋದ. ಅವನು ಎಣಿಸುವುದನ್ನು ಅವಳು ಕಿವಿಗೊಟ್ಟು ಕೇಳಿದಳು. ಚೀಲ ಸರಿ, ಡಬ್ಬ ಸರಿ. ಒಲೆ ಯಾಕೆ ಹೋಗುತ್ತಿದೆ ಎಂದು ಅವನು ಕೇಳಲಿಲ್ಲ. ಅದು ಅವನ ಕೆಲಸವಲ್ಲ.

“ಪಾತ್ರೆ ಪಟ್ಟೀಲಿ ಏಳು. ಇರೋದು ಆರು. ಬಿಡೋ ಹಾಗಿಲ್ಲ.”

“ಒಂದು ದಾರೀಲಿ ಉಳೀತು.”

“ಹಾಗಾದ್ರೆ ತಂದು ತುಂಬಿ. ಇಲ್ಲ, ಪಟ್ಟಿ ತಿದ್ದಿಸ್ಕೊಂಡು ಬನ್ನಿ.”

“ಡಿಪೋಗೆ ಹೋಗಿ ಬರೋಕೆ ಏಳು ಗಂಟೆ ಬೇಕು.”

“ನನಗೆ ಗೊತ್ತು ಮೇಡಂ,” ಹವಾಲ್ದಾರ ಕೆಟ್ಟವನಲ್ಲ, “ಆದ್ರೆ ಪಟ್ಟೀಲಿ ಏಳಿದೆ.”

ಮೇಜರ್ ಸಾಹೇಬರು ಹತ್ತಿರ ಬಂದರು. ಮೊದಲು ಅವಳನ್ನು ನೋಡಿದರು, ಆಮೇಲೆ ಒಲೆಗಳನ್ನು. “ನೀವೇನ್ರೀ ಇಲ್ಲಿ? ಇದೇನು?”

ಪಾತ್ರೆ ಸರ್ ಎಂದು ಹೇಳಬೇಕೆಂದು ಅವಳು ಮೂರೂವರೆ ಗಂಟೆಯಿಂದ ಬಾಯಿಪಾಠ ಮಾಡಿಕೊಂಡಿದ್ದಳು. ನಾಲಿಗೆ ಹೊರಳಲಿಲ್ಲ. “ಒಲೆ ಸರ್” ಎಂದಳು. ಆಸ್ಪತ್ರೆ ಕಾಗದವನ್ನು ಕೈಗಿಟ್ಟಳು. ಕಾಗದದ ಅಂಚಿಗೆ ಅವಳ ಬೆರಳಿನ ರಕ್ತ ಹತ್ತಿತ್ತು. “ಮೇಲೆ ಒಂಬತ್ತು ದಿನಕ್ಕೆ ಎಣ್ಣೆ ಇದೆ. ಹತ್ತನೇ ದಿನ ಅವರು ಡ್ರಮ್ಮು ಕೊಯ್ತಾರೆ. ನನ್ನ ತಮ್ಮ ಫೋನಲ್ಲಿ ಹೇಳ್ದ.”

ಮೇಜರ್ ಸಾಹೇಬರು ಓದಿದರು. ಹಿಮ ಕಾಗದದ ಮೇಲೆ ಬಿದ್ದು ಕರಗಿ, ಅರವತ್ತು ವರ್ಷದ ಶಾಯಿ ಸ್ವಲ್ಪ ಹರಡಿತು. ಮೂರೂ ಐವತ್ತಾರು. ಆಚೆ ತಿರುವಿನ ಲಾರಿಯೊಂದು ಹಾರ್ನ್ ಹೊಡೆಯಿತು.

“ಇದು ನಿಮ್ಮ ಪುಸ್ತಕದಲ್ಲಿ ಬರುತ್ತಾ?” ಅವರು ತಲೆಯೆತ್ತದೆ ಕೇಳಿದರು.

ಇಲ್ಲ ಎಂದರೆ ಗೇಟು ತೆರೆಯುತ್ತದೆ ಎಂದು ಅವಳಿಗೆ ಅನಿಸಿತು. “ಈ ಲಾರಿ ನಿಂತ್ರೆ ಎರಡು ಸಲ ಬರುತ್ತೆ ಸರ್” ಎಂದಳು.

ಮೇಜರ್ ಸಾಹೇಬರು ಹವಾಲ್ದಾರನ ಕೈಯಿಂದ ಪಟ್ಟಿ ಕಿತ್ತುಕೊಂಡರು. ಜೇಬಿಂದ ಪೆನ್ನು ತೆಗೆದರು. ಚಳಿಗೆ ಶಾಯಿ ಹರಿಯಲಿಲ್ಲ. ನಿಬ್ಬನ್ನು ಬಾಯಿಗೆ ಹತ್ತಿರ ಹಿಡಿದು ಊದಿ, ‘ಒಂದು ಪಾತ್ರೆ ಮಾರ್ಗಮಧ್ಯೆ ನಷ್ಟ’ ಎಂದು ಬರೆದು, ಸಹಿ ಹಾಕಿದರು.

“ಟಾರ್ಪಾಲ್ ಹೊದಿಸಿ” ಎಂದರು. “ಫೋಟೋದಲ್ಲಿ ಒಲೆ ಕಾಣಬಾರದು.”

ಅವಳು ನಿಧಾನನ ತೋಳು ಹಿಡಿದು ಮೂರು ಸಲ ಹೇಳಿದಳು. “ನೀವೇ ಕೈಗೆ ಕೊಡಿ. ಕೊಳವೆ ಹೊರಗೆ ಹೋಗದೆ ಬೆಂಕಿ ಇಲ್ಲ. ಆರು ಒಲೆ, ಆರು ಕೋಣೆ. ಏಳನೇ ಕೋಣೆಯವರು ಉಳಿದವರ ಜೊತೆ ಒತ್ಕೊಂಡು ಮಲಗಲಿ. ಡ್ರಮ್ಮು ಬೇಡ.” ಅವನು ಮೂರು ಸಲವೂ ತಲೆಯಾಡಿಸಿದ. ಲಾರಿ ಕಂಬದ ಕೆಳಗೆ ನುಗ್ಗಿತು. ಫೋಟೋದವನು ಮುಖ್ಯವಾಗಿ ಮೇಜರ್ ಸಾಹೇಬರನ್ನು ಹಿಡಿದ. ಹವಾಲ್ದಾರ ಗಡಿಯಾರ ನೋಡಿ ಕಂಬ ಇಳಿಸಿದ.

*

ಅವಳು ಮೇಜರ್ ಸಾಹೇಬರ ಗಾಡಿಯಲ್ಲಿ ಡಿಪೋಗೆ ಮರಳಿದಳು. ಲಾರಿಗಳೂ ಚಾಲಕರೂ ಚಳಿಗಾಲ ಮುಗಿಯುವವರೆಗೆ ಮೇಲೆಯೇ. ಲೈನು ಇಲ್ಲ. ಕೆಳಗೆ ಬರುವುದು ದಿನಕ್ಕೆ ಒಂದು ವೈರ್‌ಲೆಸ್ ಸಂದೇಶ. ಬೆಳಿಗ್ಗೆ ಎಂಟಕ್ಕೆ ಬರುವ ಅದರಲ್ಲಿ ಮೊದಲ ಸಾಲು ಊಟದ ಸಂಖ್ಯೆ, ಅಂದರೆ ಆ ದಿನ ಎಷ್ಟು ಜನ ಉಣ್ಣುತ್ತಾರೆ ಎನ್ನುವುದು. ಸೈನ್ಯದಲ್ಲಿ ಜೀವ ಇದೆಯೋ ಇಲ್ಲವೋ ಎಂದು ತಿಳಿಯುವುದು ಸರಬರಾಜಿನವರಿಗೇ ಮೊದಲು. ಆರು ಜನ ಚಾಲಕರು ಸೇರಿ ಈಗ ನಲವತ್ತೊಂಬತ್ತು.

ಒಂಬತ್ತು ದಿನವೂ ನಲವತ್ತೊಂಬತ್ತೇ ಬಂತು. ಒಂಬತ್ತು ದಿನವೂ ಎಣ್ಣೆ ಇತ್ತು. ಹಾಗಾಗಿ ಆ ಸಂಖ್ಯೆಯಿಂದ ಅವಳಿಗೆ ಏನೂ ತಿಳಿಯಲಿಲ್ಲ. ಮೇಜರ್ ಸಾಹೇಬರ ಕೈಕಾಲು ಹಿಡಿದು ‘ಕೊಳವೆ ಹೊರಗೆ, ಡ್ರಮ್ಮು ಬೇಡ’ ಎಂದು ವೈರ್‌ಲೆಸ್ಸಿನಲ್ಲಿ ಎರಡು ಸಲ ಕಳಿಸಿದ್ದಳು. ತಲುಪಿತೋ ಇಲ್ಲವೋ, ಉತ್ತರವಿಲ್ಲ. ಹತ್ತನೇ ದಿನ ಬದಲಿ ಸಾಹೇಬರೂ ಒಂದು ಸಂದೇಶ ಕಳಿಸಿದರು, ಪ್ಯಾಕಿಂಗಿಗೆ ಹೋದ ಖಾಲಿ ಪಾತ್ರೆಗಳನ್ನು ಹತ್ತು ದಿನದೊಳಗೆ ಹಿಂತಿರುಗಿಸಬೇಕೆಂಬ ನಿಯಮವಿದೆಯೆಂದು. ಅವಳಿಗೆ ಅವರ ಕತ್ತು ಹಿಸುಕುವಷ್ಟು ಸಿಟ್ಟು ಬಂತು.

ಹನ್ನೊಂದನೇ ಬೆಳಿಗ್ಗೆ ಏಳೂವರೆಗೆ ಅವಳು ವೈರ್‌ಲೆಸ್ ಕೋಣೆಗೆ ಹೋದಾಗ ಬದಲಿ ಸಾಹೇಬರು ಆಗಲೇ ಅಲ್ಲಿದ್ದರು. ಕುರ್ಚಿಯಿದ್ದರೂ ನಿಂತಿದ್ದರು. ಕೈಗಡಿಯಾರದ ಕೀಲಿ ತಿರುಗಿಸುತ್ತಿದ್ದರು, ಅದು ಕೀಲಿ ಕೊಡಬೇಕಿಲ್ಲದ ಗಡಿಯಾರ.

“ಪಾತ್ರೆ ವಿಷಯ ಕೇಳೋಣ ಅಂತ ಬಂದೆ” ಎಂದರು, ಅವಳು ಕೇಳದಿದ್ದ ಪ್ರಶ್ನೆಗೆ.

ಎಂಟಾಯಿತು. ಎಂಟೂ ಐದಾಯಿತು. ಆಪರೇಟರು ಗುಂಡಿ ತಿರುಗಿಸುತ್ತಲೇ ಇದ್ದ. ಗೊರಗೊರ ಬಿಟ್ಟರೆ ಬೇರೇನೂ ಇಲ್ಲ. ಎಂಟೂ ಹತ್ತಕ್ಕೆ ಬದಲಿ ಸಾಹೇಬರು ಅವಳ ಕಡೆ ನೋಡದೆ ಕುರ್ಚಿ ಅವಳತ್ತ ತಳ್ಳಿದರು. ಅವಳು ಕೂರಲಿಲ್ಲ.

ಎಂಟೂ ಹದಿನಾಲ್ಕಕ್ಕೆ ಆಪರೇಟರು ಪೆನ್ಸಿಲ್ ಎತ್ತಿಕೊಂಡ. ಬರೆದ, ನಿಲ್ಲಿಸಿದ, ಮತ್ತೆ ಬರೆದ.

“ಎಷ್ಟು?” ಕೇಳಿದವರು ಬದಲಿ ಸಾಹೇಬರು.

“ಊಟದ ಸಂಖ್ಯೆ ನಲವತ್ತೊಂಬತ್ತು.” ಆಪರೇಟರು ಕಾಗದ ಹತ್ತಿರ ಹಿಡಿದ. “ಇನ್ನೊಂದು ಸಾಲಿದೆ. ಕಳಿಸಿದವರು ಅಡುಗೆಯವರು. ಪಾತ್ರೆಗಳನ್ನು ಸದ್ಯಕ್ಕೆ ಹಿಂತಿರುಗಿಸಲು ಸಾಧ್ಯವಿಲ್ಲ. ಕಾರಣ: ಮುಟ್ಟಿದರೆ ಸುಡುತ್ತಿವೆ.”

ಅವಳು ಆಗ ಕೂತಳು.

ಬದಲಿ ಸಾಹೇಬರು ಕಾಗದ ತೆಗೆದುಕೊಂಡು, ತಮ್ಮ ನೋಟುಪುಸ್ತಕದಲ್ಲಿ ಕಾರಣದ ಕಾಲಮ್ಮಿಗೆ ಅದನ್ನು ಹಾಗೇ ಇಳಿಸಿದರು. ಬರೆದು ಮುಗಿಸಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಮೇಡಂ, ಸುಡೋದು ಎಷ್ಟು ದಿನ ಅಂತ ಬರೀಲಿ?”

“ಐದು ತಿಂಗಳು ಬರೀರಿ ಸರ್.”

ಅವರು ಐದು ತಿಂಗಳು ಎಂದು ಬರೆದರು. ಸಹಿ ಹಾಕಿದರು.